‘ಗೊತ್ತಿಲ್ಲ’ ಅಲ್ಲ, ‘ಇನ್ನೂ ಆಗಿಲ್ಲ’

ತಂಪಕ್ಕನಿಗೆ ಆ ಹೆಸರು ಯಾರು ಇಟ್ಟರೋ, ಪ್ರಯೋಗಾಲಯದಲ್ಲಿ ಈಗ ಯಾರಿಗೂ ನೆನಪಿಲ್ಲ. ಹೆಸರೇನೋ ಸುಳ್ಳಲ್ಲ. ಆಕೆ ನೋಡಿಕೊಳ್ಳುವ ಯಂತ್ರದ ತಳದಲ್ಲಿ ಎಂಥ ಚಳಿ ಎಂದರೆ, ನಕ್ಷತ್ರಗಳ ನಡುವಿನ ಖಾಲಿ ಬಯಲು ಕೂಡ ಅದರ ಮುಂದೆ ಒಲೆ ಹಚ್ಚಿದ ಅಡುಗೆಮನೆ. ಹಾಗಂತ ಆಕೆಯ ಸ್ವಭಾವವೂ ತಂಪು ಅಂದುಕೊಂಡಿರೋ, ಕೆಟ್ಟಿರಿ. ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ. ಅದೂ ಯಾರಾದರೂ ಯಂತ್ರದ ವಿಷಯದಲ್ಲಿ ಬಾಯಿಗೆ ಬಂದದ್ದು ಹೇಳಿದರೆ ಮುಗಿದೇ ಹೋಯಿತು.

ಅವತ್ತು ಬೆಳಿಗ್ಗೆ ಎಂಟಕ್ಕೇ ಆ ಕೋಪಕ್ಕೆ ಸಿಕ್ಕಿಬಿದ್ದವನು ಪ್ರಚಾರ ವಿಭಾಗದವನು. ಪ್ರಯೋಗಾಲಯದ ಬಾಗಿಲನ್ನು ಊರ ಜನರಿಗಾಗಿ ಮೊದಲ ಸಲ ತೆರೆಯುವ ದಿನ. ‘ಕ್ವಾಂಟಮ್ ಕಂಪ್ಯೂಟರ್ ಅಂದರೇನು? ಕುತೂಹಲ ಒಂದಿದ್ದರೆ ಸಾಕು, ಬನ್ನಿ’ ಎಂದು ಊರೆಲ್ಲ ಚೀಟಿ ಹಂಚಿದ್ದರು. ಪ್ರಚಾರದವನು ಆಳೆತ್ತರದ ಬೋರ್ಡೊಂದನ್ನು ಮಾಡಿಸಿ ತಂದು ಯಂತ್ರದ ಪಕ್ಕದಲ್ಲೇ ನಿಲ್ಲಿಸಿದ್ದ. ನೀಲಿ ಹಿನ್ನೆಲೆ, ಬಿಳಿ ಅಕ್ಷರ, ನೋಡಲು ಚೆನ್ನಾಗಿಯೇ ಇತ್ತು. ತಂಪಕ್ಕ ಸ್ಪ್ಯಾನರನ್ನು ಬೆಂಚಿನ ಮೇಲಿಟ್ಟು, ಕನ್ನಡಕ ಏರಿಸಿ ಓದಿದಳು. ‘ಕ್ವಾಂಟಮ್ ಬಿಟ್ ಸೊನ್ನೆಯೋ ಒಂದೋ ನಮಗೆ ಗೊತ್ತಿಲ್ಲ. ನೋಡಿದಾಗ ಗೊತ್ತಾಗುತ್ತದೆ.’

“ಇದು ತಪ್ಪು,” ಅಂದಳು.

“ಯಾವ ಅಕ್ಷರ?” ಪಾಪ, ಅವನು ಕಾಗುಣಿತದ ತಪ್ಪೆಂದೇ ಹೆದರಿದ.

“ಅಕ್ಷರ ಸರಿ ಇದೆ. ‘ಗೊತ್ತಿಲ್ಲ’ ಅನ್ನೋ ಮಾತೇ ತಪ್ಪು. ‘ಇನ್ನೂ ಆಗಿಲ್ಲ’ ಅಂತ ಹಾಕ್ಬೇಕು.”

“ಎರಡೂ ಒಂದೇ ಅಲ್ವಾ ತಂಪಕ್ಕ?”

“ಒಂದೇ ಆಗಿದ್ರೆ ನಾವಿಷ್ಟು ಜನ ಇಷ್ಟು ವರ್ಷದಿಂದ ಇಲ್ಲಿ ಕೂತು ನೊಣ ಹೊಡೀತಿದ್ವಾ? ನನ್ನ ಜೇಬಲ್ಲಿ ಏನಿದೆ ಅಂತ ನಿಮಗೆ ಗೊತ್ತಿಲ್ಲ. ಆದ್ರೆ ಏನೋ ಒಂದು ಇದ್ದೇ ಇದೆ. ಇದು ಹಾಗಲ್ಲ. ಇದು ಸೊನ್ನೆನೂ ಆಗಿಲ್ಲ, ಒಂದೂ ಆಗಿಲ್ಲ. ನೋಡಿದ್ಮೇಲೆ ಆಗುತ್ತೆ.”

“ಹಾಗಾದ್ರೆ ‘ಸೊನ್ನೆಯೂ ಅಲ್ಲ, ಒಂದೂ ಅಲ್ಲ’ ಅಂತ ಒಂದು ಚೀಟಿ ಅಂಟಿಸಲಾ?”

“ಒಂದೂ ಅಲ್ಲ ಅಂದ್ರೆ ಯಾವುದೂ ಅಲ್ಲ ಅಂತಾಗುತ್ತೆ. ಜನ ಖಾಲಿ ಡಬ್ಬ ಅಂದ್ಕೊಂಡು ಮನೆಗೆ ಹೋಗ್ತಾರೆ.”

ಪ್ರಚಾರದವನು ಗಡಿಯಾರ ನೋಡಿದ. ಬೋರ್ಡು ಅಚ್ಚಾಗಿದೆ, ಜನ ಗೇಟಿನ ಹತ್ತಿರ ಬಂದಾಗಿದೆ, ಈಗ ಯಾರು ಏನು ಮಾಡೋಕಾಗುತ್ತೆ ಎಂದು ಕೈ ಚೆಲ್ಲಿದ. ಮಾತಾಡುವ ಕೆಲಸ ಡಾಕ್ಟರಮ್ಮನದು, ತಂಪಕ್ಕ ಯಂತ್ರದ ಪಕ್ಕ ನಿಂತರೆ ಸಾಕು, ಯಾರೂ ಏನನ್ನೂ ಮುಟ್ಟದ ಹಾಗೆ ನೋಡಿಕೊಂಡರೆ ಸಾಕು ಅಂದ. ಡಾಕ್ಟರಮ್ಮ ಅಂದರೆ ಮದ್ದು ಕೊಡುವ ಡಾಕ್ಟರಲ್ಲ, ಇದೇ ವಿಷಯದಲ್ಲಿ ಡಾಕ್ಟರೇಟ್ ಮಾಡಿದ ಚಿಕ್ಕ ವಯಸ್ಸಿನ ವಿಜ್ಞಾನಿ. ಒಳ್ಳೆಯವಳು. ತಂಪಕ್ಕ ಯಂತ್ರದ ಪಕ್ಕ ಹೋಗಿ ನಿಂತಳು.

ಯಂತ್ರವನ್ನು ನೀವು ನೋಡಬೇಕು. ಸೂರಿಗೆ ನೇತುಹಾಕಿದ ಚಿನ್ನದ ಲೇಪದ ತಟ್ಟೆಗಳು, ಒಂದರ ಕೆಳಗೊಂದು, ಕೆಳಗೆ ಹೋದಷ್ಟೂ ಚಳಿ ಹೆಚ್ಚು. ತಟ್ಟೆಯಿಂದ ತಟ್ಟೆಗೆ ಇಳಿಯುವ ಸಣ್ಣ ಸಣ್ಣ ಕೇಬಲ್‌ಗಳು ನೂರಾ ಅರವತ್ತೆಂಟು. ಎಲ್ಲಕ್ಕಿಂತ ಕೆಳಗೆ ಉಗುರಿನಗಲದ ಒಂದು ಚಿಪ್. ಈ ಎಲ್ಲದರ ಸುತ್ತ ದೊಡ್ಡ ಬಿಳಿ ಡಬ್ಬಿ ತೊಡಿಸಿ, ಗಾಳಿ ಎಳೆದು, ಎರಡು ದಿನ ತಣಿಸಬೇಕು. ಪಂಪು ಚಿಕ್, ಚಿಕ್ ಎಂದು ಹಗಲೂ ರಾತ್ರಿ ಬಡಿದುಕೊಳ್ಳುತ್ತದೆ. ಆ ನೂರಾ ಅರವತ್ತೆಂಟು ಕೇಬಲ್‌ಗಳಲ್ಲಿ ಒಂದೊಂದನ್ನೂ ಬಗ್ಗಿಸಿ, ಬೆಸೆದು, ತಿರುಗಿಸಿ ಕೂರಿಸಿದ್ದು ತಂಪಕ್ಕನ ಕೈ. ಹದಿನಾಲ್ಕು ವರ್ಷದಿಂದ ಅದೇ ಕೆಲಸ. ಅದಕ್ಕೂ ಮೊದಲು ಹದಿನಾರು ವರ್ಷ ಮನೆಮನೆಯ ಫ್ರಿಜ್ಜು ರಿಪೇರಿ ಮಾಡಿದವಳು.

ಯಂತ್ರ ತಣಿಯುವ ಎರಡು ದಿನ ಯಾರಿಗೂ ಕೆಲಸವಿರುವುದಿಲ್ಲ. ವಿಜ್ಞಾನಿಗಳು ಕಾಫಿ ಹಿಡಿದು ಕೂರುತ್ತಾರೆ. ತಂಪಕ್ಕ ಬಿಡುವವಳಲ್ಲ, ಹಿಡಿದು ಕೇಳುತ್ತಾಳೆ. ಅರ್ಥವಾಗದಿದ್ದರೆ ಮತ್ತೆ ಕೇಳುತ್ತಾಳೆ. ಹದಿನಾಲ್ಕು ವರ್ಷದಲ್ಲಿ ಎಷ್ಟು ಸಲ ತಣಿಸಿದ್ದಾರೋ ಅಷ್ಟು ಸಲ ಕೇಳಿದ್ದಾಳೆ. ಈಗ ಹೊಸದಾಗಿ ಸೇರಿದ ವಿಜ್ಞಾನಿಗಳೇ ಮೊದಲ ವಾರ ಆಕೆಯ ಬೆಂಚಿನ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಗೇಟು ತೆರೆಯಿತು. ಮೊದಲ ತಂಡದ ನಲವತ್ತು ಜನ ಸಾಲಾಗಿ ಒಳಬಂದರು. ಸಾಲಿನಲ್ಲಿ ಏಳನೆಯವಳನ್ನು ಕಂಡು ತಂಪಕ್ಕ ಕನ್ನಡಕ ಏರಿಸಿ ಮತ್ತೆ ನೋಡಿದಳು. ಅವಳ ಸ್ವಂತ ಅಕ್ಕ. ಮೂವತ್ತೊಂದು ವರ್ಷ ಶಾಲೆಯಲ್ಲಿ ಗಣಿತ ಹೇಳಿ, ಎರಡು ವರ್ಷದ ಹಿಂದೆ ನಿವೃತ್ತಳಾದ ಟೀಚರು. ಬರುತ್ತೇನೆಂದು ಒಂದು ಮಾತು ಹೇಳಿರಲಿಲ್ಲ. ಬಗಲಲ್ಲಿ ಚೀಲ, ಕೈಯಲ್ಲಿ ನೋಟ್‌ಬುಕ್ಕು.

ಈ ಅಕ್ಕತಂಗಿಯರ ವಿಷಯ ಸ್ವಲ್ಪ ಹೇಳಲೇಬೇಕು. ತಾಯಿ ಬೇಗ ತೀರಿಕೊಂಡಳು. ಒಂಬತ್ತು ವರ್ಷ ದೊಡ್ಡವಳಾದ ಅಕ್ಕನೇ ತಂಗಿಗೆ ಉಣ್ಣಿಸಿದಳು, ತಲೆ ಬಾಚಿದಳು, ಜ್ವರ ಬಂದಾಗ ಪಕ್ಕದಲ್ಲಿ ಕೂತಳು. ಹದಿನಾರಕ್ಕೆ ‘ಓದು ಇವಳಿಗಲ್ಲ’ ಎಂದು ಕಡ್ಡಿ ಮುರಿದ ಹಾಗೆ ಹೇಳಿ, ಫ್ರಿಜ್ಜಿನ ವರ್ಕ್‌ಶಾಪಿಗೆ ಸೇರಿಸಿದವಳೂ ಅವಳೇ. ಅಂದಿನಿಂದ ಯಾರು ಕೇಳಿದರೂ ಒಂದೇ ಉತ್ತರ: “ನಮ್ಮ ತಂಗಿ ಕೈ ಚುರುಕು. ತಲೆಕೆಲಸ ಆಗೋದಿಲ್ಲ.” ಪ್ರೀತಿಯಿಂದಲೇ ಹೇಳುತ್ತಿದ್ದಳು, ಅದೇ ಕಷ್ಟ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ತಂಪಕ್ಕ ತನ್ನ ಯಂತ್ರದ ಮಾತೆತ್ತಿದರೆ ಅಕ್ಕ, “ಗೊತ್ತು ಬಿಡೇ, ದೊಡ್ಡ ಫ್ರಿಜ್ಜು,” ಎಂದು ಎದ್ದು ಹೋಗುತ್ತಿದ್ದಳು. ತಂಪಕ್ಕನಿಗೆ ಇದ್ದದ್ದು ಒಂದೇ ಆಸೆ. ಒಂದು ಸಲ, ಒಂದೇ ಒಂದು ಸಲ, ತಾನು ಹೇಳಿದ್ದು ಅಕ್ಕನ ತಲೆಗೆ ಹೋಗಬೇಕು. ಇವತ್ತು ಅಕ್ಕ ತಾನಾಗಿ ಬಂದಿದ್ದಾಳೆ, ಆದರೆ ತಂಪಕ್ಕ ಬಾಯಿ ತೆರೆಯುವ ಹಾಗಿಲ್ಲ.

ಡಾಕ್ಟರಮ್ಮ ಶುರು ಮಾಡಿದಳು. ನಿಮ್ಮ ಫೋನಿನೊಳಗೆ ಕೋಟ್ಯಂತರ ಸ್ವಿಚ್ಚುಗಳಿವೆ, ಆರಿದ್ದರೆ ಸೊನ್ನೆ, ಹೊತ್ತಿದ್ದರೆ ಒಂದು, ನೀವು ತೆಗೆದ ಫೋಟೊ, ಬರೆದ ಕಾಗದ, ಕೇಳುವ ಹಾಡು ಎಲ್ಲ ಆ ಸೊನ್ನೆ ಒಂದುಗಳ ಸಾಲು ಅಂದಳು. ಜನ ತಲೆಯಾಡಿಸಿದರು. ಅಂಥ ಒಂದು ಸ್ವಿಚ್ಚಿಗೆ ಬಿಟ್ ಎಂದು ಹೆಸರು, ಇಲ್ಲಿರುವುದು ಕ್ವಾಂಟಮ್ ಬಿಟ್, ಅಂದರೆ ಕ್ಯೂಬಿಟ್ ಅಂದಳು. ಅದಕ್ಕೂ ತಲೆಯಾಡಿಸಿದರು. ಆಮೇಲೆ ಬೋರ್ಡಿನ ಕಡೆ ಕೈ ತೋರಿಸಿದಳು.

ಟೀಚರು ಬೋರ್ಡನ್ನು ಎರಡು ಸಲ ಓದಿದಳು. ಕೈ ಎತ್ತಿದಳು.

“ಗೊತ್ತಿಲ್ಲ ಅಂದ್ರೆ, ಮುಚ್ಚಿದ ಡಬ್ಬೀಲಿ ಕಪ್ಪು ಗೋಲಿನೋ ಬಿಳಿ ಗೋಲಿನೋ ಅನ್ನೋ ಹಾಗೆ ತಾನೆ? ಇದನ್ನ ನಾನು ಮೂವತ್ತೊಂದು ವರ್ಷ ಪಾಠ ಮಾಡಿದ್ದೀನಿ. ಇದ್ರಲ್ಲಿ ಹೊಸದೇನು?”

“ಇಲ್ಲ ಮೇಡಂ, ಇದು ಒಂದೇ ಸಮಯದಲ್ಲಿ ಎರಡೂ...”

“ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಮ್ಮ. ಸೊನ್ನೆನಾ, ಒಂದಾ?”

ಡಾಕ್ಟರಮ್ಮ ಬಿಳಿ ಹಲಗೆಯ ಮೇಲೆ ಸೂತ್ರ ಬರೆಯತೊಡಗಿದಳು. ಎರಡನೆಯ ಸಾಲಿಗೆ ಜನ ಕಿಟಕಿಯಾಚೆ ನೋಡಲು ಶುರು ಮಾಡಿದರು. ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದ ಒಬ್ಬ ಬಸ್ ಡ್ರೈವರ್, “ಚಹಾ ಎಷ್ಟು ಹೊತ್ತಿಗೆ?” ಎಂದು ಪಕ್ಕದವರನ್ನು ಕೇಳಿದ್ದು ಎಲ್ಲರಿಗೂ ಕೇಳಿಸಿತು. ಡಾಕ್ಟರಮ್ಮನ ಕಿವಿ ಕೆಂಪಾಯಿತು. ಪೆನ್ನಿನ ಮುಚ್ಚಳ ಹಾಕಿ ತಿರುಗಿದಳು.

“ತಂಪಕ್ಕ, ನಾನು ಹೊಸದಾಗಿ ಸೇರಿದಾಗ ನನಗೆ ಹೇಳಿದ್ರಲ್ಲ, ಹಾಗೆ ಹೇಳಿಬಿಡಿ.”

ಪ್ರಚಾರದವನು ಏನೋ ಹೇಳಲು ಬಾಯಿ ತೆರೆದ. ಡಾಕ್ಟರಮ್ಮ ಅವನ ಕಡೆ ನೋಡಿದ ನೋಟಕ್ಕೆ ಆ ಬಾಯಿ ಹಾಗೇ ಮುಚ್ಚಿಕೊಂಡಿತು. ಟೀಚರು ಮಾತ್ರ ಕಕ್ಕಾಬಿಕ್ಕಿಯಾಗಿ, “ಇವಳಾ?” ಅಂದಳು.

ತಂಪಕ್ಕ ಯಂತ್ರದ ಮೇಲೆ ಕೈಯಿಟ್ಟು ಮಾತು ಶುರು ಮಾಡಿದಳು.

“ಅಕ್ಕ, ನಿನ್ನ ಲೆಕ್ಕಾನೇ ತಗೋ. ಇಲ್ಲೊಂದು ಬಟನ್ ಇದೆ. ಅದನ್ನ ಒತ್ತಿದ್ರೆ ಒಳಗಿರೋ ಕ್ಯೂಬಿಟ್ಟಿಗೆ ಒಂದು ಸಣ್ಣ ರೇಡಿಯೋ ಅಲೆ ಹೋಗಿ ತಾಗುತ್ತೆ. ನಾವದಕ್ಕೆ ‘ಕಲಕೋದು’ ಅಂತೀವಿ. ಸೊನ್ನೆಯಿಂದ ಶುರು ಮಾಡಿ, ಒಂದು ಸಲ ಕಲಕಿ, ನೋಡೋಣ. ಹೀಗೆ ನೂರು ಸಲ, ಒಮ್ಮೆ ಒತ್ತಿದ್ರೆ ಮೆಷಿನ್ನೇ ಮಾಡುತ್ತೆ.”

ಡಾಕ್ಟರಮ್ಮ ಒತ್ತಿದಳು. ಪರದೆಯ ಮೇಲೆ ಅಂಕೆ ಬಂತು. ಸೊನ್ನೆ ಐವತ್ತೆರಡು, ಒಂದು ನಲವತ್ತೆಂಟು.

“ಅರ್ಧಕ್ಕರ್ಧ,” ಅಂದಳು ಟೀಚರು. “ನಾಣ್ಯ ಚಿಮ್ಮಿದ ಹಾಗೇ. ನಾನೇನು ಹೇಳಿದೆ?”

“ಸರಿ. ಈಗ ಎರಡು ಸಲ ಕಲಕೋಣ. ಮಧ್ಯ ನೋಡೋದು ಬೇಡ. ಎರಡೂ ಮುಗಿದ ಮೇಲೆ ನೋಡೋಣ. ಏನು ಬರುತ್ತೆ?”

“ಒಂದು ಸಲ ಕಲಕಿದ್ರೇ ಅರ್ಧಕ್ಕರ್ಧ. ಕಲಕಿದ್ದನ್ನ ಮತ್ತೆ ಕಲಕಿದ್ರೂ ಅರ್ಧಕ್ಕರ್ಧವೇ. ಇಸ್ಪೀಟನ್ನ ಎರಡು ಸಲ ಕಲಸಿದ್ರೆ ಜೋಡಿಸಿದ ಹಾಗೆ ಬಂದುಬಿಡುತ್ತಾ?”

“ಬರ್ಕೋ.”

ಟೀಚರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದಳು. ಬಸ್ ಡ್ರೈವರ್ ಚಹಾ ಮರೆತು ಮುಂದೆ ಬಂದ. ಡಾಕ್ಟರಮ್ಮ ಒತ್ತಿದಳು.

ಸೊನ್ನೆ ತೊಂಬತ್ತೇಳು, ಒಂದು ಮೂರು.

ಟೀಚರು ಪರದೆಯನ್ನೊಮ್ಮೆ, ತಾನು ಬರೆದದ್ದನ್ನೊಮ್ಮೆ ನೋಡಿದಳು. ಪಂಪು ತನ್ನ ಪಾಡಿಗೆ ಚಿಕ್, ಚಿಕ್ ಅನ್ನುತ್ತಿತ್ತು.

“ನಿನ್ನ ಮೆಷಿನ್ ಕೆಟ್ಟಿದೆ,” ಅಂದಳು ಟೀಚರು.

“ಹದಿನಾರು ವರ್ಷ ರಿಪೇರಿ ಮಾಡಿದವಳಿಗೆ ಹೇಳೋ ಮಾತಾ ಅಕ್ಕ ಇದು? ಇನ್ನೊಂದ್ಸಲ ಒತ್ತಮ್ಮ.”

ಈ ಸಲ ತೊಂಬತ್ತೆಂಟು. ಮತ್ತೊಂದು ಸಲ, ತೊಂಬತ್ತಾರು. ಟೀಚರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು.

“ಆ ಮೂರು ನಾಲ್ಕು ತಪ್ಪುತ್ತಲ್ಲ, ಅದು ನಮ್ಮ ಕೊರತೆ,” ಅಂದಳು ತಂಪಕ್ಕ. “ಎಲ್ಲೋ ಒಂಚೂರು ಬಿಸಿ ಒಳಗೆ ನುಗ್ಗಿರುತ್ತೆ, ಇಲ್ಲಾ ಓದುವಾಗ ನಮ್ಮ ಉಪಕರಣ ಎಡವಿರುತ್ತೆ. ನಾಲ್ಕು ವರ್ಷದ ಹಿಂದೆ ನೂರಕ್ಕೆ ಇಪ್ಪತ್ತು ತಪ್ತಿತ್ತು. ಅದಿರ್ಲಿ. ಈಗ ಮೂರನೇ ಆಟ. ಎರಡು ಸಲ ಕಲಕೋದೇ, ಆದ್ರೆ ಮಧ್ಯದಲ್ಲಿ ಒಂದ್ಸಲ ಇಣುಕಿ ನೋಡೋಣ.”

ಸೊನ್ನೆ ನಲವತ್ತೊಂಬತ್ತು, ಒಂದು ಐವತ್ತೊಂದು.

“ನಾವು ಇಣುಕಿದ್ದು ಅದಕ್ಕೆ ಹೇಗೆ ಗೊತ್ತಾಗುತ್ತೆ?” ಕೇಳಿದವನು ಬಸ್ ಡ್ರೈವರ್. ಅವನ ದನಿಯಲ್ಲಿ ಸ್ವಲ್ಪ ಅನುಮಾನ, ಸ್ವಲ್ಪ ಭಯ.

“ಅದಕ್ಕೇನು ಕಣ್ಣಿಲ್ಲ ಸ್ವಾಮಿ. ನೋಡೋದು ಅಂದ್ರೆ ಸುಮ್ನೆ ನೋಡೋದಲ್ಲ, ಒಳಗೊಂದು ಅಲೆ ಕಳಿಸಿ ತಟ್ಟಿ ಕೇಳ್ಬೇಕು. ತಟ್ಟಿದ್ರೆ ಸೊನ್ನೆನೋ ಒಂದೋ, ಯಾವುದಾದ್ರೂ ಆಗ್ಲೇಬೇಕು. ಅಲ್ಲೀವರೆಗೂ ಆಗಿರೋದಿಲ್ಲ.”

“ಎರಡು ಸಲ ಕಲಕಿದ್ದು ಸೊನ್ನೆಗೇ ಹೇಗೆ ಬಂತು, ಅದು ಹೇಳು,” ಅಂದಳು ಟೀಚರು. ದನಿ ಇಳಿದಿತ್ತು, ಪಟ್ಟು ಇಳಿದಿರಲಿಲ್ಲ.

ತಂಪಕ್ಕ ಬಿಳಿ ಹಲಗೆಯ ಮೇಲೆ ಎರಡು ದಾರಿ ಬರೆದಳು. ಕೊನೆಗೆ ‘ಒಂದು’ ಬರಬೇಕಾದರೆ ಎರಡು ದಾರಿ: ಮಧ್ಯದಲ್ಲಿ ಸೊನ್ನೆಯ ಮೂಲಕ ಬರಬಹುದು, ಅಥವಾ ಒಂದರ ಮೂಲಕ ಬರಬಹುದು. “ನಿನ್ನ ಲೆಕ್ಕದಲ್ಲಿ ದಾರಿ ಹೆಚ್ಚಾದ್ರೆ ಅವಕಾಶಾನೂ ಹೆಚ್ಚು, ಕೂಡ್ತಾ ಹೋಗ್ತೀಯ. ಹೌದಾ?” ಹೌದು ಅಂದಳು ಟೀಚರು. ಇಲ್ಲಿ ಹಾಗಲ್ಲ ಎಂದು ತಂಪಕ್ಕ ವಿವರಿಸಿದಳು, ದಾರಿಗೆ ದಿಕ್ಕಿದೆ ಅಂದಳು, ಒಂದಕ್ಕೆ ಕೂಡಿಸುವ ಗುರುತು, ಇನ್ನೊಂದಕ್ಕೆ ಕಳೆಯುವ ಗುರುತು ಹಾಕಿದಳು. ಟೀಚರು ಹುಬ್ಬು ಗಂಟಿಕ್ಕಿದಳು. “ಅವಕಾಶ ಸೊನ್ನೆಗಿಂತ ಕಡಿಮೆ ಇರೋಕೆ ಸಾಧ್ಯಾನೇ ಇಲ್ಲ. ಮಕ್ಕಳು ಹೀಗೆ ಬರೆದ್ರೆ ನಾನು ಅಡ್ಡಗೆರೆ ಹಾಕ್ತಿದ್ದೆ.”

ಹತ್ತಲಿಲ್ಲ. ತಂಪಕ್ಕ ಅಲೆಗಳ ಚಿತ್ರ ಬಿಡಿಸಿದಳು, ಏರಿಗೆ ಇಳಿವು ಸೇರಿಸಿದಳು. ಅದೂ ಹತ್ತಲಿಲ್ಲ. ಇಲ್ಲಿಗೆ ಕೈ ಬಿಟ್ಟಾಳು ಅಂದುಕೊಂಡಿದ್ದರೆ ನಿಮಗೆ ತಂಪಕ್ಕ ಗೊತ್ತಿಲ್ಲ. ಸುತ್ತ ನೋಡಿದಳು. ಮೂಲೆಯಲ್ಲಿದ್ದ ಗಾಲಿ ಕುರ್ಚಿಯನ್ನು ದರದರ ಎಳೆದುಕೊಂಡು ಬಂದು, ಅದರ ಮೇಲೆ ತಾನೇ ಕಾಲೆತ್ತಿ ಕೂತಳು.

“ಈಗ ನಾನೇ ‘ಒಂದು’ ಅನ್ನೋ ಉತ್ತರ. ನಾನು ಜರುಗಿದ್ರೆ ಆ ಉತ್ತರ ಬಂತು ಅಂತ. ಅಕ್ಕ, ನೀನೊಂದು ದಾರಿ. ಡ್ರೈವರಣ್ಣ, ನೀವಿನ್ನೊಂದು ದಾರಿ. ಅಕ್ಕ ಹಿಂದಿನಿಂದ ತಳ್ಳಲಿ, ನೀವು ಮುಂದಿನಿಂದ ತಳ್ಳಿ. ಒಂದೇ ಸಲ, ಒಂದೇ ಸಮ.”

ಟೀಚರು ಚೀಲ ಕೆಳಗಿಟ್ಟು, ಸುತ್ತ ಒಮ್ಮೆ ನೋಡಿ, ತಳ್ಳಿದಳು. ಡ್ರೈವರ್ ಎದುರಿನಿಂದ ತಳ್ಳಿದ. ಕುರ್ಚಿ ಕಿರ್ ಅಂದು ಅಲ್ಲೇ ನಿಂತಿತು.

“ದಾರಿ ಎರಡಿದ್ವು, ಉತ್ತರ ಬಂತಾ? ಇಲ್ಲ. ಈಗ ನಾನು ‘ಸೊನ್ನೆ’. ಇದಕ್ಕೂ ಎರಡು ದಾರಿ, ಆದ್ರೆ ಇಬ್ರೂ ಹಿಂದಿನಿಂದಲೇ ತಳ್ಳಿ.”

ಇಬ್ಬರೂ ತಳ್ಳಿದರು. ತಂಪಕ್ಕ ಕುರ್ಚಿಯ ಸಮೇತ ಕೋಣೆ ದಾಟಿ, ಪ್ರಚಾರದವನ ಕಾಲು ಕೂದಲೆಳೆಯಲ್ಲಿ ತಪ್ಪಿಸಿ, ಗೋಡೆಗೆ ಹೋಗಿ ತಾಗಿದಳು. ನಲವತ್ತು ಜನ ಘೊಳ್ಳೆಂದು ನಕ್ಕರು. ಟೀಚರು ನಗಲಿಲ್ಲ. ತಳ್ಳಿದ ಕೈ ಚಾಚಿಕೊಂಡೇ ನಿಂತಿದ್ದಳು. ತುಟಿ ಸಣ್ಣಗೆ ಅಲ್ಲಾಡುತ್ತಿತ್ತು.

“ಮಧ್ಯ ಇಣುಕಿ ನೋಡಿದ್ರೆ,” ಅಂದಳು ನಿಧಾನವಾಗಿ, “ಒಂದೇ ದಾರಿ ಉಳಿಯುತ್ತೆ. ಇನ್ನೊಬ್ರು ಕೈ ತೆಗೆದ ಹಾಗೆ. ಆಗ ಅಡ್ಡ ನಿಲ್ಲೋರಿಲ್ಲ, ಜೊತೆ ತಳ್ಳೋರೂ ಇಲ್ಲ. ಎರಡು ಉತ್ತರಕ್ಕೂ ಒಂದೇ ಬಲ. ಅದಕ್ಕೇ ಅರ್ಧಕ್ಕರ್ಧ.”

ತಂಪಕ್ಕ ಇದನ್ನು ಇನ್ನೂ ಹೇಳಿರಲಿಲ್ಲ. ಹೇಳುವ ಮೊದಲೇ ಅಕ್ಕ ಅಲ್ಲಿಗೆ ಹೋಗಿ ಮುಟ್ಟಿದ್ದಳು. ತಂಪಕ್ಕನ ಎದೆ ಹೆಮ್ಮೆಯಿಂದ ಉಬ್ಬಿತು, ಅದರಲ್ಲಿ ಅಕ್ಕನ ಪಾಲೆಷ್ಟು, ತನ್ನ ಪಾಲೆಷ್ಟು ಎಂದು ವಿಂಗಡಿಸುವ ಗೋಜಿಗೆ ಅವಳು ಹೋಗಲಿಲ್ಲ.

“ಮೊದಲೇ ಸೊನ್ನೆನೋ ಒಂದೋ ಆಗಿದ್ದು, ನಮಗೆ ಬರೀ ಗೊತ್ತಿಲ್ಲ ಅನ್ನೋ ಹಾಗಿದ್ರೆ, ಇಣುಕಿದ್ರೂ ಬಿಟ್ರೂ ಲೆಕ್ಕ ಬದಲಾಗಬಾರದಿತ್ತು,” ಟೀಚರು ಈಗ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. “ಬದಲಾಗಿದೆ. ಹಾಗಾದ್ರೆ ಅದು ಆಗಿರಲೇ ಇಲ್ಲ.”

“ಇನ್ನೂ ಆಗಿಲ್ಲ,” ಅಂದಳು ತಂಪಕ್ಕ.

ಟೀಚರು ಬಗ್ಗಿ ಚೀಲದಿಂದ ಕೆಂಪು ಪೆನ್ನು ತೆಗೆದಳು. ಬೋರ್ಡಿನ ಮುಂದೆ ಹೋಗಿ ನಿಂತಳು. ‘ಗೊತ್ತಿಲ್ಲ’ ಎಂಬುದರ ಮೇಲೆ ಒಂದು ಅಡ್ಡಗೆರೆ, ‘ಗೊತ್ತಾಗುತ್ತದೆ’ ಎಂಬುದರ ಮೇಲೆ ಇನ್ನೊಂದು. ‘ನಮಗೆ’ ಎಂಬುದನ್ನೂ ಬಿಡಲಿಲ್ಲ. ಮೇಲೆ ಗುಂಡಗಿನ ಅಕ್ಷರದಲ್ಲಿ ‘ಇನ್ನೂ ಆಗಿಲ್ಲ’, ‘ಆಗುತ್ತದೆ’ ಎಂದು ತಿದ್ದಿದಳು. ಪ್ರಚಾರದವನ ಗಂಟಲಿನಿಂದ ಒಂದು ಸಣ್ಣ ಶಬ್ದ ಹೊರಟಿತು. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಉಳಿದ ಅರ್ಧ ಗಂಟೆ ಜನ ತಂಪಕ್ಕನನ್ನು ಬಿಡಲಿಲ್ಲ. ಎಲ್ಲ ಉತ್ತರಗಳನ್ನೂ ಇದು ಒಂದೇ ಸಲ ಹುಡುಕಿಬಿಡುತ್ತದಂತೆ, ನಿಜವೇ ಎಂದು ಒಬ್ಬರು ಕೇಳಿದರು. ಹಾಗೆ ಹೇಳುವವರು ಅರ್ಧ ಕೇಳಿಸಿಕೊಂಡವರು ಅಂದಳು. ತಪ್ಪು ಉತ್ತರದ ದಾರಿಗಳು ಎದುರುಬದುರು ತಳ್ಳಿಕೊಂಡು ನಿಲ್ಲಬೇಕು, ಸರಿ ಉತ್ತರದ ದಾರಿಗಳು ಒಂದೇ ಕಡೆಯಿಂದ ತಳ್ಳಬೇಕು, ಹಾಗೆ ಕುರ್ಚಿಗಳನ್ನು ಹೊಂದಿಸುವುದೇ ವಿದ್ಯೆ, ಎಲ್ಲ ಲೆಕ್ಕಕ್ಕೂ ಹಾಗೆ ಹೊಂದಿಸಲು ಬರುವುದಿಲ್ಲ ಅಂದಳು. ಹಾಗಾದರೆ ನನ್ನ ಫೋನು ಬಿಸಾಡಬೇಕಿಲ್ಲವಲ್ಲ ಎಂದ ಡ್ರೈವರ್. ಧಾರಾಳವಾಗಿ ಇಟ್ಟುಕೊಳ್ಳಿ, ಇದು ಫೋನಿನ ಕೆಲಸಕ್ಕಲ್ಲ, ಹೊಸ ಔಷಧಿಯ ಅಣು ಹೇಗೆ ನಡೆದುಕೊಳ್ಳುತ್ತದೆ ಎನ್ನುವಂಥ ಲೆಕ್ಕಕ್ಕೆ ಮುಂದೆ ಉಪಯೋಗಕ್ಕೆ ಬರಬಹುದು, ಇನ್ನೂ ಬಹಳ ದೂರ ಇದೆ ಅಂದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿದಳು.

ಮೊದಲ ತಂಡ ಚಹಾಕ್ಕೆ ಹೊರಟಿತು. ಟೀಚರು ಹೋಗಲಿಲ್ಲ. ಬಿಳಿ ಹಲಗೆಯ ಮುಂದೆ ನಿಂತು, ಅಲ್ಲಿದ್ದ ದಾರಿಗಳನ್ನೂ ಅಲೆಗಳನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದಳು. ತಂಪಕ್ಕ ಹತ್ತಿರ ಬಂದಳು.

“ಚಹಾ ಆರಿಹೋಗುತ್ತೆ ಅಕ್ಕ.”

“ಹೋಗಲಿ.” ಟೀಚರು ಬರೆಯುವುದನ್ನು ನಿಲ್ಲಿಸಿದಳು. “ನಿನ್ನ ಓದು ಬಿಡಿಸಿದ್ದು ನಾನು.”

“ಈಗ್ಯಾಕೆ ಅದೆಲ್ಲ.”

“ಕೇಳಿಸ್ಕೋ. ನಿನಗೆ ಬರಲ್ಲ ಅಂತ ಕಂಡಕಂಡವರ ಹತ್ರ ಹೇಳ್ಕೊಂಡು ಬಂದೆ. ಬರದೇ ಇದ್ದದ್ದು ನಿನಗಲ್ಲ ಕಣೇ. ಆಗ ನನಗೆ ಇಪ್ಪತ್ತೈದು. ಕೆಲಸ ಹೊಸದು. ನಿನ್ನ ಕೂರಿಸ್ಕೊಂಡು ಒಂದು ರೀತಿ ಹೇಳಿದೆ, ನಿನಗೆ ಹತ್ತಲಿಲ್ಲ. ಇನ್ನೊಂದು ರೀತಿ ಹೇಳೋಕೆ ನನಗೆ ಬರ್ತಿರಲಿಲ್ಲ. ಅದನ್ನ ಒಪ್ಕೊಳ್ಳೋ ಧೈರ್ಯ ಇರಲಿಲ್ಲ, ನಿನ್ನ ತಲೆ ಮೇಲೆ ಹಾಕಿದೆ. ಇವತ್ತು ನೋಡು, ಒಂದು ರೀತಿ ಹೇಳಿದೆ ನೀನು, ನನಗೆ ಹತ್ತಲಿಲ್ಲ. ಇನ್ನೊಂದು ಹೇಳಿದೆ, ಹತ್ತಲಿಲ್ಲ. ಮೂರನೇದು ತಂದೆ. ನನ್ನ ಬಿಟ್ಟು ಹೋಗಲಿಲ್ಲ.”

ತಂಪಕ್ಕ ಅಕ್ಕನ ಕೈ ಹಿಡಿದುಕೊಂಡಳು. ಸೀಮೆಸುಣ್ಣದಿಂದ ಒರಟಾದ ಕೈ ಒಂದು, ಸ್ಪ್ಯಾನರಿನಿಂದ ಒರಟಾದದ್ದು ಒಂದು.

ಹೊರಗೆ ಎರಡನೆಯ ತಂಡದ ಸದ್ದು ಕೇಳಿಸಿತು. ಡಾಕ್ಟರಮ್ಮ ಬಾಗಿಲಲ್ಲಿ ತಲೆ ಹಾಕಿ, “ತಂಪಕ್ಕ, ಈ ಸಲ ಮೊದಲಿನಿಂದಲೂ ನೀವೇ. ನಾನು ಬಟನ್ ಒತ್ತೀನಿ,” ಅಂದಳು. ಜನ ಒಳಬಂದು ಕೂರತೊಡಗಿದರು. ಒಬ್ಬರಿಗೆ ಒಂದೇ ಸಲ ಅವಕಾಶ ಎಂದು ಪ್ರಚಾರದವನು ನೆನಪಿಸಲು ಹೊರಟ. ಟೀಚರು ಅವನ ಕಡೆ ತಿರುಗಿಯೂ ನೋಡದೆ ಮೊದಲ ಸಾಲಿಗೆ ಹೋಗಿ, ನೋಟ್‌ಬುಕ್ಕಿನ ಹೊಸ ಪುಟ ತೆರೆದು ಕೂತಳು.

ಪಕ್ಕದ ಕುರ್ಚಿಗೆ ಬಂದ ಹೆಂಗಸು ಬೋರ್ಡನ್ನೂ ಯಂತ್ರವನ್ನೂ ನೋಡಿ, ಇದೆಲ್ಲ ನನ್ನಂಥವಳಿಗೆ ಅರ್ಥವಾಗುತ್ತದೆಯೇ ಎಂದು ಮೆಲ್ಲಗೆ ಕೇಳಿದಳು.

“ಅರ್ಥ ಆಗದಿದ್ರೆ ಕೈ ಎತ್ತಿ,” ಅಂದಳು ಟೀಚರು. “ನನ್ನ ತಂಗಿ ಇನ್ನೊಂದು ರೀತಿ ಹೇಳ್ತಾಳೆ.”